ಅಕ್ಕನ ಸರದಿ

ಆಸ್ಪತ್ರೆಯ ಹಳೇ ಜಾವಾ ಅಪ್ಲಿಕೇಶನ್ನನ್ನು ಹೊಸ ಫ್ರೇಮ್‌ವರ್ಕಿಗೆ ಏರಿಸುವ ಕೆಲಸವನ್ನು ಆಶಿಷ್‌ಗೆ ಕೊಡುತ್ತೇನೆಂದು ಮ್ಯಾನೇಜರ್ ರಾಘವೇಂದ್ರ ಹೇಳಿದ ದಿನ ಅಂಬಾದಾಸನ ಜೀವ ಬಾಯಿಗೆ ಬಂತು. ಹೈದರಾಬಾದಿಗೆ ಹೈದರಾಬಾದೇ ಐಟಿ ಹುಚ್ಚು ಹಿಡಿಸಿಕೊಂಡ ಕಾಲ ಅದು. ಅಂಬಾದಾಸನಿದ್ದ ಉಪ್ಪಲ್‌ನ ಕಂಪನಿಯಲ್ಲಿ ಎಲ್ಲರಿಗೂ ಅಮೆರಿಕದ ಪ್ರಾಜೆಕ್ಟೇ ಬೇಕು. ಇಂಥ ರಿಪೇರಿ ಕೆಲಸವೆಂದರೆ ಮಾರುದೂರ ಓಡುತ್ತಿದ್ದರು. ಆದರೆ ಆಶಿಷ್ ಹೊಸಬ, ಮಿರ್ಚಿ ಕಟ್ಟಿಕೊಟ್ಟ ಕಾಗದವನ್ನೂ ಓದದೆ ಬಿಸಾಡದ ಆಸಾಮಿ. ಅವನು ಆ ಪ್ರೋಗ್ರಾಮನ್ನು ಓದಲೇಬಾರದು.

ಯಾಕೆಂದರೆ, ಕಿಡ್ನಿ ಕೆಟ್ಟವರಲ್ಲಿ ಬದಲಿ ಕಿಡ್ನಿಗೆ ಯಾರ ಸರದಿ ಮೊದಲೆಂದು ಹೇಳುತ್ತಿದ್ದುದು ಆ ಪ್ರೋಗ್ರಾಮೇ. ತಾಯಿಯಿಲ್ಲದ ಅಂಬಾದಾಸನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ದಾನೇಶ್ವರಿ ಆ ಸರದಿಯಲ್ಲಿ ವರ್ಷಗಟ್ಟಲೆ ಕಾದಿದ್ದಳು. ಫೋನು ಬಂದಾಗಲೆಲ್ಲ ಆಸೆಯಿಂದ ಎದ್ದು, ತನಗಲ್ಲವೆಂದು ತಿಳಿದು ಮತ್ತೆ ಗೋಡೆಗೆ ಒರಗುತ್ತಿದ್ದಳು. ಡಯಾಲಿಸಿಸ್ ಸೂಜಿಗೆ ಊದಿಕೊಂಡ ಅವಳ ಕೈ ನೋಡಲಾರದೆ, ಆಗ ಆ ಪ್ರೋಗ್ರಾಮಿನ ಉಸ್ತುವಾರಿ ನೋಡುತ್ತಿದ್ದ ಅವನು ಒಂದು ಮಧ್ಯಾಹ್ನ ಆಸ್ಪತ್ರೆಯ ಯಂತ್ರದ ಮುಂದೆ ಕೂತು ಪ್ರೋಗ್ರಾಮಿನಲ್ಲಿ ಸಣ್ಣದೊಂದು ತುಣುಕು ಸೇರಿಸಿದ. ಈ ರೋಗಿ ಕಾದ ಕಾಲವನ್ನು ಎರಡು ವರ್ಷ ಹೆಚ್ಚಿಗೆ ಎಣಿಸು, ಅಷ್ಟೇ. ಮಳೆಗಾಲ ಮುಗಿಯುವುದರೊಳಗೆ ಅಕ್ಕನಿಗೆ ಕಿಡ್ನಿ ಸಿಕ್ಕಿತು.

ಈಗ ಅವಳು ದಿಲ್‌ಸುಖ್‌ನಗರದ ಅಂಗಡಿಗಳಲ್ಲಿ ಸೀರೆಯ ಬೆಲೆಗೆ ಗಂಟೆಗಟ್ಟಲೆ ಜಗಳವಾಡುವಷ್ಟು ಗಟ್ಟಿಯಾಗಿದ್ದಳು. ಆ ರಾತ್ರಿ ತಟ್ಟೆಯ ಮುಂದೆ ಸುಮ್ಮನೆ ಕೂತ ತಮ್ಮನನ್ನು ನೋಡಿ ಗದರಿದಳು.

"ಯಾಕೋ ಅಂಬ್ಯಾ, ಉಣ್ಣವಲ್ಲಿ? ಸಾಯೋ ಹಂಗಾಗಿದ್ದಾಕಿ ನಾನು, ಮಾರಿ ಇಳಿಬಿಟ್ಟಾಂವ ನೀನು!"

"ಆಫೀಸಿನ್ಯಾಗ ಕೆಲಸ ಭಾಳ ಐತೆವ್ವ."

"ಕೆಲಸ ಇರ್ಲಿ ಬಿಡು. ನನ್ನ ನೋಡು, ಕಾದ್ನಿ, ಸರದಿ ಬಂತು, ಸಿಕ್ತು. ಯಾರದೂ ಕಸಗೊಂಡಿಲ್ಲ. ಅದಕ್ಕ ರಾತ್ರಿ ಕಣ್ತುಂಬ ನಿದ್ದಿ ಬರ್ತೈತಿ."

ಅಂಬಾದಾಸ ತಟ್ಟೆ ಸರಿಸಿ ಎದ್ದ. ನೌಕರಿ ಹೋದರೆ ಹೋಗಲಿ, ಪೊಲೀಸರು ಬಂದರೂ ಬರಲಿ, ಅಕ್ಕನಿಗೆ ಮಾತ್ರ ಗೊತ್ತಾಗಬಾರದು. ಗೊತ್ತಾದರೆ ಮೈಯೊಳಗಿನ ಆ ಕಿಡ್ನಿಯನ್ನು ಹೊತ್ತುಕೊಂಡು ಅವಳು ಬದುಕುವುದಾದರೂ ಹೇಗೆ?

ಮರುದಿನವೇ ಹೋಗಿ ಆ ಕೆಲಸವನ್ನು ತಾನೇ ಬೇಡಿದ. "ಅರೆ, ನೀವೇ ಮಾಡ್ತೀರೇನ್ರಿ? ಭಾಳ ಚಲೋ ಆತು," ಎಂದು ರಾಘವೇಂದ್ರ ಹಿಗ್ಗಿಹೋದ.

ಉಪಾಯ ಅಚ್ಚುಕಟ್ಟಾಗಿತ್ತು. ಹಳೇ ಪ್ರೋಗ್ರಾಮನ್ನು ಮುಟ್ಟುವಂತಿಲ್ಲ. ಈಗ ಅದನ್ನು ಯಾರು, ಯಾವಾಗ ತಿದ್ದಿದರೆಂಬ ಗುರುತು ಉಳಿಯುತ್ತಿತ್ತು. ಮುಟ್ಟುವ ಅಗತ್ಯವೂ ಇರಲಿಲ್ಲ. ಫ್ರೇಮ್‌ವರ್ಕ್ ಬದಲಾಗುವುದೆಂದರೆ ಮನೆ ಕೆಡವಿ ಕಟ್ಟಿದ ಹಾಗೆ, ಕಡತಗಳ ಹೆಸರು, ಜಾಗ, ಜೋಡಣೆ ಎಲ್ಲ ಅದಲುಬದಲು. ಆ ಗದ್ದಲದಲ್ಲಿ ಒಂದು ತುಣುಕು ಬಿಟ್ಟುಹೋದರೆ ಯಾವ ಮಹಾರಾಯ ಹುಡುಕುತ್ತಾನೆ? ಹೊಸದು ಓಡತೊಡಗಿದ ಮೇಲೆ ಹಳೇ ಯಂತ್ರ ಗುಜರಿಗೆ ಹೋಗುತ್ತದೆ, ಅದರೊಂದಿಗೆ ಪಾಪವೂ.

ಉಳಿದ ಪುಟಗಳನ್ನು ಆಶಿಷ್‌ಗೆ ಹಂಚಿ, ಸರದಿ ಲೆಕ್ಕದ ಭಾಗವನ್ನು ತಾನೇ ಇಟ್ಟುಕೊಂಡ. ಒಮ್ಮೆ ಆಶಿಷ್ ಕುರ್ಚಿ ಎಳೆದುಕೊಂಡು ಬಂದು, "ಅದೂ ನಾ ಮಾಡ್ಲೇನ್ರಿ? ನಂದೆಲ್ಲಾ ಮುಗದೈತಿ," ಎಂದ. "ನಿನ್ನ ಕೆಲಸ ನೀ ನೋಡಪಾ!" ಎಂದು ಅಂಬಾದಾಸ ಕಿರುಚಿಯೇಬಿಟ್ಟ. ಸುತ್ತಲಿನವರು ತಲೆಯೆತ್ತಿ ನೋಡಿದರು. ಆಮೇಲೆ ಹುಡುಗನಿಗೆ ಚಹಾ ಕುಡಿಸಿ ಸಮಾಧಾನ ಮಾಡಿದ.

ಹೊಸ ಲೆಕ್ಕವನ್ನು ಆಸ್ಪತ್ರೆಯ ನಿಯಮ ಎದುರಿಗಿಟ್ಟುಕೊಂಡೇ ಬರೆದ. ಯಾರ ಪರವೂ ಇಲ್ಲ, ಎಲ್ಲಿಯೂ ವಾಲಿಲ್ಲ. ನಾಲ್ಕಾರು ಸಲ ಪರೀಕ್ಷಿಸಿದ, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇಷ್ಟು ಪ್ರಾಮಾಣಿಕ ಕೆಲಸವನ್ನು ತಾನು ಜನ್ಮದಲ್ಲಿ ಮಾಡಿಲ್ಲವೆನ್ನಿಸಿ ಪುಣ್ಯಾತ್ಮನಿಗೆ ಸ್ವಲ್ಪ ಹೆಮ್ಮೆಯೂ ಆಯಿತು. ಅದನ್ನು ಪರೀಕ್ಷೆಗೆ ಒಪ್ಪಿಸಿ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ.

ಪರೀಕ್ಷೆ ಮಾಡುವವಳು ಬೀದರಿನ ನಲಿನಿ. ಮೂರನೆಯ ದಿನ ಊಟದ ಹೊತ್ತಿಗೆ ನಗುತ್ತಲೇ ಅವನ ಮೇಜಿಗೆ ಬಂದಳು. "ಭಾಳ ಚಲೋ ಮಾಡೀರಿ ಅಂಬಾದಾಸ್ ಸರ್. ನಮಗ ಆಸ್ಪತ್ರಿ ನಿಯಮ ಎಲ್ಲಿ ತಿಳೀತೈತ್ರಿ? ಹಳೇ ವರ್ಷದ ರೋಗಿಗಳನ್ನೆಲ್ಲಾ ಎರಡಕ್ಕೂ ಹಾಕಿ, ಹಳೇದು ಹೇಳಿದ್ದನ್ನ ಹೊಸದೂ ಹೇಳ್ತೈತೋ ಇಲ್ಲೋ ನೋಡ್ತೀವಿ. ಎಲ್ಲಾ ತಾಳೆ ಆಗೈತಿ, ಒಂದೇ ಒಂದು ಕಡೆ ಫರಕ್ ಬಂದೈತಿ. ಹಳೇದು ದಾನೇಶ್ವರಿ ಅಂತೈತಿ, ಹೊಸದು ಹುಸೇನಪ್ಪ ಅಂತೈತಿ. ಆ ಹುಸೇನಪ್ಪ ಕಾಯ್ತಾ ಕಾಯ್ತಾನೇ ತೀರಿಕೊಂಡಾನ, ಪಾಪ. ಆದ್ರೂ ಫರಕ್ ಅಂದ್ರ ಫರಕ್ಕೇ ಅಲ್ಲೇನ್ರಿ?" ಅಕ್ಕನನ್ನು ಮುಂದೆ ನಿಲ್ಲಿಸಿದಾಗ ಹಿಂದೆ ಸರಿದವರು ಯಾರೆಂದು ಅಂಬಾದಾಸ ಒಂದು ದಿನವೂ ಯೋಚಿಸಿರಲಿಲ್ಲ. ಆ ಹೆಸರು ಅವನ ಕಿವಿಗೆ ಬಿದ್ದದ್ದೇ ಈಗ. ನಲಿನಿ ಡಬ್ಬಿ ಬಿಚ್ಚುತ್ತ ಹೇಳಿದಳು: "ನೀವೇನೂ ಚಿಂತಿ ಮಾಡಬ್ಯಾಡ್ರಿ ಸರ್. ಹಳೇದ್ರಾಗ ಏನ್ ಬರದಾರ ನೋಡು ಅಂತ ಆಶಿಷ್‌ಗ ಹೇಳೀನಿ. ಮುಂಜಾನಿಂದ ಅದನ್ನ ಓದಾಕತ್ತಾನ."