ಗೋಡೆಯಲ್ಲಿ ಖಾಲಿ ಉಳಿದ ಜಾಗ

ಒಗೆದ ಹೊದಿಕೆಯ ಒಂದು ತುದಿಯನ್ನು ನಲ್ಲಿಗೆ ಸುತ್ತಿ ಅವಳು ಹಿಂಡುತ್ತಿದ್ದಳು. ಇಬ್ಬರು ಹಿಡಿಯಬೇಕಾದ ಕೆಲಸ. ಇನ್ನೊಂದು ತುದಿ ಹಿಡಿಯುತ್ತಿದ್ದ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು.

"ಒಂದ್ ಎಲೆ ಸಿಗುತ್ತಾ?"

ಬೆಚ್ಚಿ ತಿರುಗಿದಳು. ಹೊದಿಕೆ ಜಾರಿ ನೆಲಕ್ಕೆ ಬಿತ್ತು. ಗೇಟಿನ ಬಳಿ ನಿಂತವನ ಮೊಣಕೈವರೆಗೂ ಒಣಗಿದ ಜೇಡಿಮಣ್ಣು.

"ನಿಮ್ಮಿಂದಾಗಿ ಇದನ್ನ ಮತ್ತೆ ಒಗೀಬೇಕು," ಎಂದಳು.

"ನಾನೇ ಒಗೆದುಕೊಡ್ತಿದ್ದೆ. ಈ ಕೈ ನೋಡಿ... ಇನ್ನೂ ಕೊಳೆಯಾಗುತ್ತೆ."

ಅವನು ಶಿಲ್ಪಿ. ಬಸ್ ನಿಲ್ದಾಣದ ಹಿಂದಿನ ಬೋಳು ಗೋಡೆಗೆ ಆ ಬೀದಿಯ ಪ್ರತಿ ಮನೆಯ ಎಲೆಯೂ ಬೇಕಿತ್ತು. ಹಸಿಮಣ್ಣಿನ ಬಿಲ್ಲೆಯ ಮೇಲೆ ಎಲೆಯನ್ನು ಮನೆಯವರೇ ಒತ್ತಬೇಕು. ಅವನು ಆ ಬಿಲ್ಲೆಯನ್ನು ನೆರಳಲ್ಲಿ ಆರಿಸಿ, ಸುಟ್ಟು, ಗೋಡೆಗೆ ಕೂರಿಸುತ್ತಾನೆ.

"ನಮ್ಮನೇಲಿ ಎಲೆ ಎಲ್ಲಿಂದ ಬರಬೇಕು..."

ಅಷ್ಟರಲ್ಲಿ ಅವಳ ಪುಟ್ಟ ಮಗಳು ಕುಂಡದ ಗಿಡದಿಂದ ಎಲೆ ಕಿತ್ತು ಅವನ ಮುಂದೆ ಹಿಡಿದಾಗಿತ್ತು. ಗಂಡ ನೆಟ್ಟ ಗಿಡವದು. ಅವನು ಹೋದ ಮೇಲೆ ಸೊರಗುತ್ತಲೇ ಬಂದು, ಉಳಿದಿದ್ದುದು ಅದೊಂದೇ ಎಲೆ. ಅವಳು ಗದರದೆ ಗೇಟು ತೆರೆದಳು.

ಒಳಗೆ ಬರುವಾಗ ಶಿಲ್ಪಿ ಬೂಟು ಬಿಡಲು ಜಾಗ ಹುಡುಕಿದ. ಸೂರಿನ ಕೆಳಗೆ ಒಂದು ಜೊತೆಗಷ್ಟೇ ಸಾಲುವ ಹಲಗೆ. ಅದರ ಮೇಲೆ ಧೂಳಿಲ್ಲದ ಗಂಡಸಿನ ಚಪ್ಪಲಿ. ದಿನಾ ಒರೆಸಿಡುತ್ತಿದ್ದವಳು ಮಗಳು. ಅವನು ಬೂಟನ್ನು ಮೆಟ್ಟಿಲ ಕೆಳಗೇ ಬಿಟ್ಟ.

ಮಗಳು ಚಪ್ಪಲಿ ನೋಡಿದಳು, ಬೂಟು ನೋಡಿದಳು.

ಮೂವರ ಬೆರಳುಗಳೂ ಸೇರಿ ಒತ್ತಿದಾಗ ಎಲೆಯ ನರನರವೂ ಮಣ್ಣಿನಲ್ಲಿ ಮೂಡಿತು.

ಆಮೇಲೆ ಅವನು ಆಗಾಗ ಬರತೊಡಗಿದ. ಬೀದಿಗೆಲ್ಲ ಅವಳು ಟೈಲರಮ್ಮ. ಒಮ್ಮೆ ಅಂಗಿಗೆ ಗುಂಡಿ ಹಾಕಿಸಲು ಬಂದ, ಇನ್ನೊಮ್ಮೆ ಅದೇ ಗುಂಡಿಯನ್ನು ಮತ್ತೆ ಹಾಕಿಸಲು.

"ಇದು ತಾನಾಗೇ ಕಿತ್ತುಬಂದ ಗುಂಡಿ ಅಲ್ಲ," ಎಂದು ಅವಳು ಸೂಜಿಗೆ ದಾರ ಪೋಣಿಸುತ್ತ ಅಂದರೆ, ಅವನು ಮಾತು ಮರೆಸಿ ಎದ್ದುಹೋಗಿ ಬಕೆಟ್ಟಿನಲ್ಲಿದ್ದ ಹೊದಿಕೆಯ ತುದಿ ಹಿಡಿದು ನಿಲ್ಲುತ್ತಿದ್ದ.

ಹಾಗಿದ್ದವನು ಇದ್ದಕ್ಕಿದ್ದಂತೆ ಬರುವುದನ್ನೇ ಬಿಟ್ಟ.

ಗೋಡೆಯ ಕೆಲಸ ಮುಗಿದ ದಿನ ಬೀದಿಯೇ ಅಲ್ಲಿ ನೆರೆದಿತ್ತು. ಎಲ್ಲರೂ ತಮ್ಮ ತಮ್ಮ ಎಲೆ ಹುಡುಕಿ, ಸವರಿ, ನಗುತ್ತಿದ್ದರು. ತಾಯಿ, ಮಗಳು ಮೂರು ಸಲ ಹುಡುಕಿದರು.

"ನಿಮ್ದೆಲ್ಲಿ ಟೈಲರಮ್ಮ?" ಎದುರುಮನೆ ಅಜ್ಜಿ ರಾಗ ಎಳೆದಳು. "ಅಷ್ಟೊಂದು ಬಂದುಹೋಗಿ ಮಾಡ್ತಿದ್ದೋನು ನಿಮ್ಮನೇನೇ ಮರೆತನಾ?"

ಮಗುವಿನ ಎತ್ತರಕ್ಕೆ ಸರಿಯಾಗಿ ಒಂದು ಬಿಲ್ಲೆಯಷ್ಟು ಜಾಗ ಖಾಲಿ ಇತ್ತು. ಬರೀ ಸಿಮೆಂಟು.

'ಜನರ ಬಾಯಿಗೆ ಹೆದರಿದ. ನಮ್ಮನ್ನು ಬೀದಿಯಿಂದಲೇ ಅಳಿಸಿಹಾಕಿದ. ಇದ್ದ ಒಂದು ಎಲೆಯನ್ನೂ ಕೊಟ್ಟೆವಲ್ಲ...' ಅವಳು ಮಗಳ ಕೈ ಹಿಡಿದು ಬಿರಬಿರನೆ ಮನೆಗೆ ನಡೆದಳು.

ಸಂಜೆ ಜಿನುಗುಮಳೆಯಲ್ಲಿ ಅವನು ಬಂದ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

"ಗುಂಡಿ ಕಿತ್ತಿದ್ರೆ ಬೇರೆ ಟೈಲರ್ ನೋಡ್ಕೊಳ್ಳಿ."

ಅವನು ಮೇಜಿನ ಮೇಲೆ ಬಟ್ಟೆಯ ಗಂಟು ಬಿಚ್ಚಿದ. ಸುಟ್ಟ ಮಣ್ಣಿನ ಚೂರುಗಳು. ಒಂದರ ಮೇಲೆ ಎಲೆಯ ತೊಟ್ಟು, ಇನ್ನೊಂದರ ಮೇಲೆ ತುದಿ.

"ಸುಡುವಾಗ ಸಿಡಿದುಹೋಯ್ತು. ಒಳಗೆ ತೇವ ಇದ್ರೆ ಸಿಡಿಯುತ್ತೆ. ಗೊತ್ತಿಲ್ಲದ ವಿಷಯ ಅಲ್ಲ. ಎಲ್ಲರದ್ದೂ ವಾರಗಟ್ಟಲೆ ಆರೋಕೆ ಬಿಟ್ಟೆ. ನಿಮ್ದೊಂದನ್ನ ಮಾತ್ರ... ಮೊದಲು ಅದನ್ನೇ ಕೂರಿಸಿ, ನಿಮ್ಮನ್ನ ಕರ್ಕೊಂಡುಹೋಗಿ ತೋರಿಸ್ಬೇಕು ಅಂತ ಆತುರ ಪಟ್ಟೆ."

"ಬಂದು ಹೇಳೋಕೆ ಏನಾಗಿತ್ತು?"

"ನಿಮ್ಮ ಯಜಮಾನ್ರು ನೆಟ್ಟ ಗಿಡದ ಕೊನೇ ಎಲೆ. ಯಾವ ಮುಖ ಇಟ್ಕೊಂಡು ಹೇಳ್ಲಿ? ಬೇರೆ ಎಲೆ ಒತ್ತಿ ಹಾಕ್ಬಹುದಿತ್ತು. ಮನಸ್ಸು ಬರ್ಲಿಲ್ಲ. ಜಾಗ ಹಾಗೇ ಬಿಟ್ಟೆ."

ಯಂತ್ರ ನಿಂತಿತು. ಕತ್ತರಿಸಿದ ಬಟ್ಟೆಯನ್ನು ಜೋಡಿಸುವಂತೆ ಅವಳು ಚೂರುಗಳನ್ನು ಒಂದಕ್ಕೊಂದು ಕೂಡಿಸಿದಳು. ನಡುವೆ ಒಂದು ಚೂರು ಇರಲೇ ಇಲ್ಲ.

"ಇದನ್ನೇ ಅಂಟಿಸಿ ಹಾಕೋಕಾಗುತ್ತಾ?"

"ಬಿರುಕು ಕಾಣುತ್ತೆ."

"ಕಾಣ್ಲಿ. ಏನೂ ಆಗಿಲ್ಲ ಅಂತ ಎಷ್ಟು ದಿನ ನಟಿಸೋದು..." ಅವಳು ಕಣ್ಣೊರೆಸಿಕೊಂಡಳು.

"ಅಷ್ಟು ಆತುರ ಯಾಕಾಯ್ತು ಅಂತ ನೀವು ಕೇಳ್ಲೇ ಇಲ್ಲ," ಎಂದ, ತುಂಬಾ ಮೆಲ್ಲಗೆ.

"ಗೊತ್ತಿರೋದನ್ನ ಯಾಕೆ ಕೇಳ್ಲಿ?" ಅವಳ ಬೆರಳು ಬಿರುಕಿನ ಮೇಲೇ ಇತ್ತು. "ನಂಗೂ ನೀವು ಬೇಕು. ಆದ್ರೆ ನನ್ನೊಳಗೆ ಇನ್ನೂ ತೇವ ಇದೆ. ಆರೋಕೆ ಬಿಡ್ತೀರಾ?"

"ಈ ಸಲ ಕಾಯ್ತೀನಿ."

ಹೊರಗೆ ಮಳೆ ಜೋರಾಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಮಗಳು ಮೆಟ್ಟಿಲ ಕಡೆ ನೋಡಿದಳು. ನಿಧಾನವಾಗಿ ಬಗ್ಗಿ, ಹಲಗೆಯ ಮೇಲಿದ್ದ ಚಪ್ಪಲಿಯನ್ನು ಎತ್ತಿ ಎದೆಗೊತ್ತಿಕೊಂಡಳು.

"ಅಮ್ಮಾ... ಮಾಮನ ಬೂಟು ನೆನೀತಿದೆ. ಅಪ್ಪನ ಚಪ್ಪಲಿ ಒಳಗೆ ಎತ್ತಿಡ್ಲಾ?"