ಟೈಗರಿಗೆ ಹೇಳಿದ ಮಾತು

"ಏನಲೇ ಟೈಗರ್, ಇವತ್ತು ತಡ ಮಾಡಿದಿ?" ಎಂದು ಕೇಳಿದ ಜಡೆಪ್ಪ. ಕೇಳಿದ್ದು ನಾಯಿಯನ್ನು.

ಕೊಟ್ರಮ್ಮ ಹಲ್ಲು ಕಚ್ಚಿ ಟೈಗರಿನ ಸರಪಳಿ ಬಿಚ್ಚಿದಳು. ಸತ್ಯನಾರಾಯಣಪೇಟೆಯ ಹಿಂದಿನ ಈ ಜಾಲಿಬೇಲಿಯ ಬಯಲಿನಲ್ಲಿ ಸಂಜೆ ಓಣಿಯವರು ತಮ್ಮ ನಾಯಿಗಳನ್ನು ಆಡಲು ಬಿಡುತ್ತಿದ್ದರು. ಬಂಡೆಗಳ ಕಾವು ಇನ್ನೂ ಇಳಿದಿರಲಿಲ್ಲ. ಜಡೆಪ್ಪನ ಮೋತಿ ಓಡಿಬಂದು ಟೈಗರಿನ ಮೈಮೇಲೆ ಬಿತ್ತು. ನಾಯಿಗಳಿಗೆ ಯಾವ ನಾಚಿಕೆಯೂ ಇರಲಿಲ್ಲ.

ಮದುವೆಯಾಗದ ಹೆಣ್ಣು ಪರಗಂಡಸಿನೊಡನೆ ಮಾತಾಡಿದರೆ ಓಣಿಗೆಲ್ಲ ಸುದ್ದಿ. ನಾಯಿಯೊಡನೆ ಮಾತಾಡಿದರೆ ಯಾರೂ ಏನೂ ಅನ್ನುವುದಿಲ್ಲ. ಹಾಗಾಗಿ ಅವಳಿಗೆ ಬಂದ ಜ್ವರ, ಅವನಿಗೆ ಸಿಕ್ಕ ಬ್ಯಾಂಕ್ ಕೆಲಸ, ಅವನ ಹೊಸ ಟೆರಿಲಿನ್ ಅಂಗಿ, ಎಲ್ಲವೂ ಈ ಎರಡು ನಾಯಿಗಳ ಕಿವಿ ದಾಟಿಯೇ ಬಂದಿದ್ದವು. ಮೊದಮೊದಲು ಅದೂ ಸೊಗಸೆನಿಸಿತ್ತು. ಈಗ ಸಾಕಾಗಿತ್ತು.

"ಮೋತಿ, ನಾಳಿ ಸಿರುಗುಪ್ಪದಿಂದ ಗಂಡಿನವರು ಬರ್ತಾರ," ಎಂದಳು. "ಬಂದವರ ಮ್ಯಾಲ ಬೊಗಳ್ತೈತಂತ ಟೈಗರ್‌ನ ಕರೂರಿನ ಹೊಲಕ್ಕ ಬಿಟ್ಟು ಬರ್ತಾನ ನಮ್ಮಣ್ಣ. ನಾಯಿ ಇಲ್ಲಾಂದ್ರ ನಾನೂ ಇಲ್ಲಿಗೆ ಬರಾಂಗಿಲ್ಲ."

ಜಡೆಪ್ಪನ ಕೈಯಲ್ಲಿದ್ದ ಬಿಸ್ಕತ್ತು ಪುಡಿಯಾಯಿತು. ಅವನ ನೋಟ ಅವಳ ಚಪ್ಪಲಿಯವರೆಗೆ ಬಂದು, ಸೀರೆಯ ಅಂಚಿಗೆ ಏರಿ, ಅಲ್ಲೇ ನಿಂತುಬಿಟ್ಟಿತು.

"ಮೋತಿಗೆ ಭಾಳ ಬ್ಯಾಸರಾಗತೈತಿ, ಟೈಗರ್."

"ಮೋತಿಗಷ್ಟನಾ?"

ಅವನು ಬಗ್ಗಿ ಮೋತಿಯ ಕಿವಿ ತುರಿಸಿದ. ಅವಳು ಮನೆಗೆ ಹೊರಡಲೆಂದು ಸರಪಳಿ ಎತ್ತಿ ಕರೆದರೆ, ಟೈಗರ್ ಅದನ್ನೂ ಆಟವೆಂದುಕೊಂಡು ಬಯಲು ಸುತ್ತತೊಡಗಿತು. ಇಬ್ಬರೂ ಬೆನ್ನಟ್ಟಿದರು. ಕೊನೆಗೆ ಜಡೆಪ್ಪ ಅದನ್ನು ತಬ್ಬಿ ಹಿಡಿದು, ಏದುಸಿರು ಬಿಡುತ್ತ, "ಇದನ್ನ ಕರೂರಿಗೆ ಕಳಸಬ್ಯಾಡ್ರಿ. ನಾನ ಸಾಕ್ತೀನಿ," ಎಂದ.

"ನಾಯಿ ಒಂದು ಉಳಿದ್ರ ಸಾಕೇನು ನಿಮಗ?" ಕೊಟ್ರಮ್ಮನ ದನಿ ಒಡೆಯಿತು. "ವರ್ಷ ಆತು, ನಾಯಿ ಮಾರಿ ನೋಡಿಕೋತ ಮಾತಾಡ್ತೀರಿ. ಒಮ್ಮೆ ನನ್ನ ಮಾರಿ ನೋಡಿ ಹೇಳ್ರಿ. ಇಲ್ಲಾಂದ್ರ ಹೋಗಾಕ ಬಿಡ್ರಿ."

ಅವನು ತಲೆ ಎತ್ತಿದ. ಆ ಕಣ್ಣುಗಳಲ್ಲಿ ಇಷ್ಟೊಂದು ಹೆದರಿಕೆ ಇದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ನೀವು ಬೇಕ್ರಿ, ಕೊಟ್ರಮ್ಮ," ಎಂದ. "ನಾಳಿ ನಮ್ಮವ್ವನ್ನ ನಿಮ್ಮ ಮನಿಗೆ ಕರಕೊಂಡು ಬರ್ತೀನಿ."

"ನಾಳಿ ಅವರು ಬರ್ತಾರಂತ ಈಗಷ್ಟ ಹೇಳಿದೆನಲ್ರೀ! ಇವತ್ತ ಬರ್ರಿ."

ಅವನು ಟೈಗರನ್ನು ಅವಳಿಗೊಪ್ಪಿಸಿ, ಮೋತಿಯ ಸರಪಳಿಯನ್ನು ಅಲ್ಲೇ ಬಿಟ್ಟು ಓಡಿದ. ಬೇಲಿ ದಾಟಿಹೋದ. ಮೋತಿ ಇಲ್ಲೇ ಬಾಲ ಆಡಿಸುತ್ತ ನಿಂತಿತ್ತು.

"ನಿಮ್ಮ ನಾಯಿ!" ಎಂದು ಕೂಗಿದಳು. ಅವನಿಗೆ ಕೇಳಿಸಲಿಲ್ಲ.

ದಿನವೂ ಅವಳು ಯಾರ ಕಣ್ಣಿಗೂ ಬೀಳದಂತೆ ಹಿತ್ತಲ ಸಂದಿಯಿಂದ ಮನೆಗೆ ಹೋಗುತ್ತಿದ್ದಳು. ಇಂದು ಎರಡೂ ಸರಪಳಿಗಳನ್ನು ಒಂದೇ ಕೈಗೆ ಸುತ್ತಿಕೊಂಡು ದೊಡ್ಡ ಬೀದಿಗೇ ಇಳಿದಳು. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಪಕ್ಕದ ಮನೆಯ ಊರಮ್ಮ ಕನ್ನಡಕ ಸರಿಪಡಿಸಿಕೊಂಡಳು.

"ಯಾಕವ್ವಾ, ಅದು ಜಡೆಪ್ಪನ ನಾಯಿ ಅಲ್ಲೇನು?"

"ಹೌದ್ರಿ," ಎಂದಳು ಕೊಟ್ರಮ್ಮ, ಇಡೀ ಓಣಿಗೆ ಕೇಳುವಂತೆ. "ಅವರದ."