ಕ್ಯಾಪ್ಟನ್ ಗಂಡೋ ಹೆಣ್ಣೋ?

“ಅಯ್ಯೋ, ನಿಧಾನ ಚಿಕ್ಕಮ್ಮ! ಅದಕ್ಕೆ ನೋಯುತ್ತೆ!”

ಕಿನ್ನಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಚಿಕ್ಕಮ್ಮ ಕ್ಯಾಪ್ಟನ್‌ನ ಎದೆಯಿಂದ ಒಂದು ಹಸಿರು ಪುಕ್ಕ ಕಿತ್ತಳು. ಕ್ಯಾಪ್ಟನ್ ಕೀಚ್ ಎಂದು ಬೈದು, ಮೂಲೆಗೆ ಹೋಗಿ ಮುಖ ಊದಿಸಿಕೊಂಡು ಕೂತಿತು.

ಕಿನ್ನಿಯ ಬಳಿ ಎರಡು ಲವ್‌ಬರ್ಡ್‌ಗಳಿದ್ದವು. ಕ್ಯಾಪ್ಟನ್ ಗಂಡು, ಸಕ್ಕರೆ ಹೆಣ್ಣು ಎಂದು ಅಂಗಡಿಯವನು ಹೇಳಿದ್ದ. ಗೂಡಿನ ತುಂಬ ಮೊಟ್ಟೆ, ಆದರೆ ಒಂದಾದರೂ ಮರಿಯಾಗಲಿಲ್ಲ. ಮೊದಲ ಮರಿ ನಿನಗೇ ಎಂದು ಗೆಳತಿ ಪಟಾಕಿಗೆ ಮಾತು ಕೊಟ್ಟು ಕಿನ್ನಿ ಪೇಚಿಗೆ ಸಿಕ್ಕಿದ್ದಳು. ಪಟಾಕಿ ಆಗಲೇ ಪಂಜರ ತಂದಿಟ್ಟುಕೊಂಡು, ಬೆಳಿಗ್ಗೆ ಎದ್ದರೆ “ಬಂತಾ? ಬಂತಾ?” ಎಂದು ಪ್ರಾಣ ತಿನ್ನುತ್ತಿದ್ದಳು.

“ನೋಡೋಕೆ ಎರಡೂ ಒಂದೇ ಥರ. ಗಂಡೋ ಹೆಣ್ಣೋ ಗೊತ್ತಾಗ್ಬೇಕಂದ್ರೆ ಟೆಸ್ಟ್ ಮಾಡ್ಲೇಬೇಕು” ಎಂದಳು ಚಿಕ್ಕಮ್ಮ. ಅವಳಿಗೆ ಪ್ರಾಣಿಗಳ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ.

ಲ್ಯಾಬಿನಲ್ಲಿ ಅವಳು ಎರಡೂ ಹಕ್ಕಿಗಳ ಪುಕ್ಕದ ಬುಡದಿಂದ ಡಿಎನ್‌ಎ ತೆಗೆದು, ಪುಟಾಣಿ ಟ್ಯೂಬುಗಳಿಗೆ ಹಾಕಿ ಮೆಷಿನ್ನಿನೊಳಗೆ ಇಟ್ಟಳು.

“ಇದೇನು ಮಾಡುತ್ತೆ?”

“ಬಿಸಿ ಮಾಡುತ್ತೆ. ಡಿಎನ್‌ಎ ಜಿಪ್ ಥರ ಬಿಚ್ಕೊಳ್ಳುತ್ತೆ. ಆಮೇಲೆ ತಣ್ಣಗೆ ಮಾಡುತ್ತೆ. ಒಂದೊಂದು ಅರ್ಧಕ್ಕೂ ಹೊಸ ಜೊತೆ ಬೆಳೆಯುತ್ತೆ. ಒಂದು ಎರಡಾಯ್ತು. ಮತ್ತೆ ಬಿಸಿ, ಮತ್ತೆ ತಣ್ಣಗೆ. ನಾಲ್ಕು, ಎಂಟು…”

“ಹದಿನಾರು, ಮೂವತ್ತೆರಡು!”

“ಹಾಗೇ ಕೋಟಿಗಟ್ಟಲೆ! ಇದಕ್ಕೇ ಪಿಸಿಆರ್ ಅನ್ನೋದು. ಜ್ವರ ಬಂದವರ ಗಂಟಲಲ್ಲಿ ವೈರಸ್ ಇದ್ಯಾ ಅಂತ ಹುಡುಕೋದೂ ಹೀಗೇ. ಚೂರೇ ಚೂರು ಇದ್ರೂ ಸಾಕು, ಬೆಳೆಸಿ ತೋರಿಸುತ್ತೆ.”

ಸಂಜೆ ಸ್ಕ್ರೀನಿನ ಮೇಲೆ ಹೊಳೆಯುವ ಗೆರೆಗಳು ಮೂಡಿದವು.

“ಒಂದು ಗೆರೆ ಬಂದ್ರೆ ಗಂಡು, ಎರಡು ಬಂದ್ರೆ ಹೆಣ್ಣು.”

ಸಕ್ಕರೆಗೆ ಎರಡು. ಕ್ಯಾಪ್ಟನ್‌ಗೆ… ಅದಕ್ಕೂ ಎರಡು!

“ಕ್ಯಾಪ್ಟನ್ ಹುಡುಗೀನಾ?”

“ಹೂಂ. ಮೊಟ್ಟೆಗಳಲ್ಲಿ ಅರ್ಧ ಅದೇ ಇಟ್ಟಿರ್ಬೇಕು!” ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. ಕಿನ್ನಿಗೆ ನಗು ಬರಲಿಲ್ಲ. ಪಟಾಕಿಗೆ ಏನು ಹೇಳುವುದು?

ಮನೆಯಲ್ಲಿ ಅಪ್ಪ, “ಹೋಗ್ಲಿ ಬಿಡು, ಒಂದು ಗಂಡು ತರೋಣ. ಕ್ಯಾಪ್ಟನ್‌ನ ಬೇರೆ ಪಂಜರಕ್ಕೆ ಹಾಕಿದ್ರಾಯ್ತು” ಎಂದ.

ಕಿನ್ನಿ ಪಂಜರದೊಳಗೆ ಇಣುಕಿದಳು. ಕ್ಯಾಪ್ಟನ್ ಸಕ್ಕರೆಯ ಕತ್ತನ್ನು ಕೊಕ್ಕಿನಿಂದ ಮೆಲ್ಲಗೆ ಬಾಚುತ್ತಿತ್ತು. ಸಕ್ಕರೆ ಕಣ್ಣು ಮುಚ್ಚಿ ಕತ್ತು ಚಾಚಿತ್ತು.

“ಬೇಡಪ್ಪ” ಎಂದಳು.

ಮರುದಿನ ಕ್ಲಾಸಿನಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟಳು: “ಮರಿ ಬರಲ್ಲ ಕಣೇ. ಎರಡೂ ಹುಡುಗೀರು. ಬೇರೆ ಮಾಡೋಕೆ ನಂಗೆ ಮನಸ್ಸಾಗ್ಲಿಲ್ಲ.”

ಪಟಾಕಿ ಮುಖ ದಪ್ಪ ಮಾಡಿಕೊಂಡು ಬೆಂಚಿನ ತುದಿಗೆ ಸರಿದಳು. ಪುಸ್ತಕ ತೆಗೆದಳು, ಮುಚ್ಚಿದಳು. ಗಣಿತದ ಟೀಚರ್ ಬೋರ್ಡಿನ ಕಡೆ ತಿರುಗಿದ್ದೇ ತಡ, ಪಿಸುಗುಟ್ಟಿದಳು.

“ಇಬ್ರೂ ದಿನವಿಡೀ ಏನು ಮಾಡ್ತಾರೆ?”

“ಅಂಟ್ಕೊಂಡು ಕೂತಿರ್ತಾರೆ. ಜಗಳ ಆಡ್ತಾರೆ. ಮತ್ತೆ ಅಂಟ್ಕೊಂಡು ಕೂತ್ಕೋತಾರೆ.”

ಪಟಾಕಿಗೆ ಕಿಸಕ್ಕನೆ ನಗು ಬಂತು. ಕಿನ್ನಿ ಇಬ್ಬರ ನಡುವೆ ಇದ್ದ ತನ್ನ ಬ್ಯಾಗನ್ನು ಎತ್ತಿ ಕೆಳಗಿಟ್ಟಳು.